ಶಾಲೆಯ ಹಣ: ಪೋಷಕರಿಗೂ ಲೆಕ್ಕ ಗೊತ್ತಿರಲಿ

ಮಾನ್ಯರೇ,

ಹೆಂಚಿನ ಶಾಲೆ ಎಲ್ಲೆಲ್ಲಿ ಸೋರುತ್ತದೆ ಎಂಬುದು ಕೊಡಗಿನಲ್ಲಿ ಕಾಣುವುದು ಜುಲೈ ಮಳೆಯಲ್ಲಿ. ದುರಸ್ತಿಯ ಮಾತು ಏಳುವುದು ಮಾತ್ರ ಮಾರ್ಚ್‌ನಲ್ಲಿ, 31ರೊಳಗೆ ಖರ್ಚಾಗದಿದ್ದರೆ ಅನುದಾನ ವಾಪಸು ಹೋದೀತೆಂಬ ಆತಂಕದಲ್ಲಿ. ಅಷ್ಟರಲ್ಲಿ ಮಾಡು ಒಣಗಿರುತ್ತದೆ, ಬಿರುಕು ಬಿಟ್ಟ ಹೆಂಚು ಯಾವುದೆಂದು ಯಾರಿಗೂ ನೆನಪಿರುವುದಿಲ್ಲ. ಬೇಗ ಮುಗಿಯುತ್ತದೆಂದು ಗೋಡೆಗೆ ಬಣ್ಣ ಹೊಡೆಸುತ್ತಾರೆ. ಮೇಲೆ ಹೆಂಚು ಕೂರುವ ಮರದ ಪಟ್ಟಿ, ಅಂದರೆ ರೀಪು ನೆನೆದು ನೀರು ಗೋಡೆಗಿಳಿದು, ಆಗಸ್ಟ್ ಹೊತ್ತಿಗೆ ಆ ಬಣ್ಣ ಹಪ್ಪಳದಂತೆ ಎದ್ದು ಬರುತ್ತದೆ.

ಇದನ್ನು ತಪ್ಪಿಸುವ ದಾರಿ ಕಾನೂನಿನಲ್ಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 21ರಂತೆ ಶಾಲಾ ಸಮಿತಿಯಲ್ಲಿ, ಅಂದರೆ ನಮ್ಮ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಸೆಕ್ಷನ್ 22ರಂತೆ ಈ ಸಮಿತಿ ಬರೆಯುವ ಶಾಲಾ ಅಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರ. ಎಸ್‌ಡಿಎಂಸಿ ಎಂದರೆ ಧ್ವಜಾರೋಹಣಕ್ಕೆ ಬಂದು ಹೋಗುವ ಸಮಿತಿಯಲ್ಲ.

ಆದ್ದರಿಂದ ಸದಸ್ಯರು ಮಳೆ ಸುರಿಯುವಾಗಲೇ ತರಗತಿಗಳನ್ನು ಸುತ್ತಿ, ನೀರು ತೊಟ್ಟಿಕ್ಕುವ ಜಾಗದ ರೀಪಿಗೆ ಪೇಂಟ್‌ನಿಂದ ಗುರುತು ಹಾಕಬೇಕು. ಎಷ್ಟು ಹೆಂಚು, ಎಷ್ಟು ರೀಪು, ರೀಪನ್ನು ಹೊರುವ ಪಕಾಸು ಎಷ್ಟು ಬದಲಾಗಬೇಕೆಂದು ಎಣಿಸಿ ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಅಕ್ಟೋಬರ್‌ನಲ್ಲೇ ಠರಾವು ಮಾಡಿಕೊಂಡರೆ ಹಣ ಬಂದ ದಿನವೇ ಕೆಲಸ ಹಿಡಿಯಬಹುದು. ಕಾಫಿ ಕೊಯ್ಲು ಶುರುವಾದ ಮೇಲೆ ಬಡಗಿಯೂ ಸಿಗುವುದಿಲ್ಲ, ಪೋಷಕರೂ ಸಿಗುವುದಿಲ್ಲ. ಹಗಲು 11 ಗಂಟೆಗೆ ಸಭೆ ಕರೆದರೆ ತೋಟದ ಕಾರ್ಮಿಕರ ಲೈನ್‌ಮನೆಯ ತಾಯಂದಿರು ಒಂದು ದಿನದ ಕೂಲಿ ಬಿಟ್ಟು ಬರಬೇಕಾಗುತ್ತದೆ. ಭಾನುವಾರ ಇಲ್ಲವೇ ಸಂಜೆ ಕರೆಯಿರಿ.

ಮೊತ್ತವೂ ಗೊತ್ತಿರಲಿ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯ ಮಾರ್ಗಸೂಚಿಯಂತೆ ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10 ಸಾವಿರ ರೂಪಾಯಿ, 31ರಿಂದ 100ರವರೆಗೆ 25 ಸಾವಿರ, 101ರಿಂದ 250ರವರೆಗೆ 50 ಸಾವಿರ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು. 31 ಮಕ್ಕಳಿರುವ ಶಾಲೆಯಲ್ಲಿ ಒಂದು ಮಗುವಿನ ಹೆಸರು ಶಾಲೆಗಳ ಸರ್ಕಾರಿ ದತ್ತಾಂಶ ದಾಖಲೆಯಾದ ಯು-ಡೈಸ್‌ನಲ್ಲಿ ಬಿಟ್ಟುಹೋದರೆ 15 ಸಾವಿರ ಕೈತಪ್ಪುವ ಲೆಕ್ಕವಿದು. ಕೆಲಸ ಅರಸಿ ತೋಟದಿಂದ ತೋಟಕ್ಕೆ ಹೋಗುವವರ ಮಕ್ಕಳ ಹೆಸರೇ ಹೀಗೆ ಬಿಡುವುದು ಹೆಚ್ಚು. ದಾಖಲಾತಿ ಪಟ್ಟಿಯನ್ನು ಸಮಿತಿಯೇ ಒಮ್ಮೆ ಓದಿ ನೋಡಲಿ.

ಇನ್ನು ಮನೆ ಕಂದಾಯದ ಜೊತೆಗೆ ನಾವು ಕಟ್ಟುವ ಶಿಕ್ಷಣ ಕರ. ವರ್ಷಕ್ಕೆ ಎಷ್ಟು ವಸೂಲಾಯಿತು, ಯಾವ ಲೆಕ್ಕಕ್ಕೆ ಜಮೆಯಾಯಿತು ಎಂದು ಗ್ರಾಮಸಭೆಯಲ್ಲಿ ಕೇಳಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಉತ್ತರಿಸಬೇಕು. ಕೇಳಿದ ಪ್ರಶ್ನೆಯೂ ಬಂದ ಉತ್ತರವೂ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಶಾಲೆಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಉಳಿದದ್ದೆಷ್ಟು ಎಂಬ ಮೂರು ಸಾಲನ್ನು ಮುಖ್ಯ ಶಿಕ್ಷಕರು ಪ್ರತಿ ತಿಂಗಳು ಬಿಸಿಯೂಟದ ಕೋಣೆಯ ಹೊರಗಿನ ಫಲಕದಲ್ಲಿ ಬರೆಯುವಂತೆ ಶಿಕ್ಷಣ ಇಲಾಖೆ ಸೂಚಿಸಬೇಕು.

— ಎಸ್‌ಡಿಎಂಸಿ ಮಾಜಿ ಸದಸ್ಯರು, ಸೋಮವಾರಪೇಟೆ ತಾಲ್ಲೂಕು