ಚಾರ್ಜಿಂಗ್ ದೀಪದ ಬಲ್ಬ್ ಕೀಳುವುದು ಪರಿಹಾರವಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾಹನ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಪ್ರಶ್ನೋತ್ತರವೊಂದರ ಕುರಿತು ಈ ಪತ್ರ. ತಮ್ಮ ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿರುವ ಕೆಂಪು ಚಾರ್ಜಿಂಗ್ ದೀಪ ರಾತ್ರಿ ಹೊತ್ತು ಮಂದವಾಗಿ ಉರಿಯುತ್ತಿರುತ್ತದೆ, ಕಾರಣ ತಿಳಿಯುತ್ತಿಲ್ಲ ಎಂದು ಕೇಳಿದ ಓದುಗರೊಬ್ಬರಿಗೆ, ಬ್ಯಾಟರಿ ಸರಿಯಾಗಿ ಚಾರ್ಜ್ ಆಗುತ್ತಿದ್ದರೆ ಚಿಂತಿಸಬೇಕಿಲ್ಲ, ಕಿರಿಕಿರಿ ಎನಿಸಿದರೆ ಬಲ್ಬನ್ನು ತೆಗೆಸಿಬಿಡಿ ಎಂಬ ಉತ್ತರವನ್ನು ಅಲ್ಲಿ ಕೊಡಲಾಗಿದೆ. ಕಾರವಾರದಲ್ಲಿ ಬಹಳ ವರ್ಷ ಹುಡುಗರಿಗೆ ವಾಹನಗಳ ವಯರಿಂಗ್ ಕೆಲಸ ಕಲಿಸಿದ ನನಗೆ ಆ ಉತ್ತರವನ್ನು ಓದಿ ಸುಮ್ಮನಿರಲು ಸಾಧ್ಯವಾಗಲಿಲ್ಲ. ಆ ಸಲಹೆ ತಪ್ಪು, ಮತ್ತು ನಮ್ಮ ಕರಾವಳಿಯಲ್ಲಿ ಓಡಾಡುವ ಹಳೆಯ ಕಾರುಗಳ ಮಟ್ಟಿಗೆ ಅಪಾಯಕಾರಿ.

ಇಂಥದೇ ದೀಪವೊಂದರ ಕಾರಣವನ್ನು ಹುಡುಕುವ ಅವಕಾಶ ನನಗೆ ಒದಗಿತ್ತು. ಶಿರಸಿಯ ಪರಿಚಿತರೊಬ್ಬರ ಬಳಿ 1972ರ ಎಂಜಿಬಿ ಕಾರು ಇದೆ. ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ, ಇಬ್ಬರು ಕೂರುವ ಸ್ಪೋರ್ಟ್ಸ್ ಕಾರು ಅದು. ಅದರ 1798 ಸಿಸಿ ಎಂಜಿನ್ನೂ ನಮ್ಮ ಹಳೆಯ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಬಿಎಂಸಿ ಎಂಬ ಬ್ರಿಟಿಷ್ ಕಾರು ಕಂಪನಿಯ ಬಿ-ಸೀರೀಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಆದ್ದರಿಂದ ಅಂಬಾಸಿಡರ್ ಬಿಚ್ಚಿ ಜೋಡಿಸಿ ಕೈಪಳಗಿದ ನಮ್ಮ ಮೆಕ್ಯಾನಿಕ್‌ಗಳಿಗೆ ಈ ಕಾರು ಪೂರ್ತಿ ಅಪರಿಚಿತವೇನಲ್ಲ. ಕಾರಿನ ಮಾಲೀಕರು ಸಂಜೆ ದೇವಿಮನೆ ಘಟ್ಟವಿಳಿದು ಕುಮಟಾ ಕಡೆ ಬರುವಾಗಲೆಲ್ಲ ಹೆಡ್‌ಲೈಟ್ ಹಾಕಿದ ಕೂಡಲೇ ಕೆಂಪು ದೀಪ ಸಣ್ಣಗೆ ಉರಿಯಲು ಶುರುವಾಗುತ್ತಿತ್ತು. ದೊಡ್ಡ ಊರಿನ ವರ್ಕ್‌ಶಾಪ್ ಒಂದರಲ್ಲಿ ಮೊದಲು ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ವಿದ್ಯುತ್ ತಯಾರಿಸಿ ಬ್ಯಾಟರಿ ತುಂಬುವ ಯಂತ್ರ, ಬದಲಿಸಿದರು, ದೀಪ ಹೋಗಲಿಲ್ಲ. ನಂತರ ಬ್ಯಾಟರಿ ಬದಲಿಸಿದರು, ಆಗಲೂ ಹೋಗಲಿಲ್ಲ. ಅಲ್ಲಿನ ಹುಡುಗನೊಬ್ಬ ಸ್ಕ್ಯಾನರ್ ಹಿಡಿದು ಬಂದು ಚುಚ್ಚುವ ಸಾಕೆಟ್ ಹುಡುಕಿದನಂತೆ. ಆ ಕಾರಿನಲ್ಲಿ ಕಂಪ್ಯೂಟರೇ ಇಲ್ಲ. ದೋಷವನ್ನು ಬರೆದಿಡುವ ಯಾವ ಪೆಟ್ಟಿಗೆಯೂ ಇಲ್ಲ. ಇರುವುದು ಒಂದು ಬಲ್ಬ್ ಮತ್ತು ಅದರ ಎರಡು ತುದಿಗಳಿಗೆ ಬಂದು ಸೇರುವ ಎರಡು ವಯರುಗಳು ಮಾತ್ರ. ಆ ವಯರುಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಯಾರೂ ಕೇಳಿಕೊಂಡಿರಲಿಲ್ಲ ಎಂಬುದೇ ನನಗೆ ಬೇಸರದ ಸಂಗತಿ.

ಒಂದು ವಯರು ಇಗ್ನಿಷನ್ ಸ್ವಿಚ್ಚಿನಿಂದ ಬರುತ್ತದೆ, ಇನ್ನೊಂದು ಆಲ್ಟರ್ನೇಟರಿನಿಂದ. ಕೀಲಿ ತಿರುಗಿಸಿದಾಗ ಸ್ವಿಚ್ಚಿನ ಕಡೆಗೆ ಬ್ಯಾಟರಿಯ ಹನ್ನೆರಡೂವರೆ ವೋಲ್ಟ್ ಇರುತ್ತದೆ, ಆಲ್ಟರ್ನೇಟರಿನ ಕಡೆಗೆ ಹೆಚ್ಚುಕಡಿಮೆ ಏನೂ ಇರುವುದಿಲ್ಲ; ಆಗ ದೀಪ ಪೂರ್ತಿ ಬೆಳಗುತ್ತದೆ. ಎಂಜಿನ್ ಚಾಲೂ ಆಗಿ ಆಲ್ಟರ್ನೇಟರ್ ವಿದ್ಯುತ್ ತಯಾರಿಸಲು ತೊಡಗಿದ ಮೇಲೆ ಎರಡೂ ಕಡೆ ಸುಮಾರು 14 ವೋಲ್ಟ್ ಬಂದು, ನಡುವೆ ವ್ಯತ್ಯಾಸವಿಲ್ಲದೆ ದೀಪ ಆರುತ್ತದೆ. ಅಂದರೆ ಈ ದೀಪ ತೋರಿಸುವುದು ಆಲ್ಟರ್ನೇಟರ್ ಕೆಟ್ಟಿದೆ ಎಂಬುದನ್ನಲ್ಲ, ಎರಡು ತುದಿಗಳ ವೋಲ್ಟೇಜ್ ಒಂದೇ ಆಗಿಲ್ಲ ಎಂಬುದನ್ನು. ಆಲ್ಟರ್ನೇಟರ್ ಕಡೆಗೆ ಕಡಿಮೆಯಾದರೂ ದೀಪ ಉರಿಯುತ್ತದೆ, ಸ್ವಿಚ್ಚಿನ ಕಡೆಗೆ ಕಡಿಮೆಯಾದರೂ ಉರಿಯುತ್ತದೆ. ಈ ಎರಡನೆಯ ಸಾಧ್ಯತೆ ಯಾರ ಗಮನಕ್ಕೂ ಬಾರದಿದ್ದುದರಿಂದಲೇ ಚೆನ್ನಾಗಿದ್ದ ಆಲ್ಟರ್ನೇಟರೊಂದು ಗುಜರಿ ಸೇರಿತು.

ನಾನು ಕಾರಿಗೆ ಕೈ ಹಚ್ಚುವ ಮೊದಲು ಮಾಲೀಕರನ್ನು ಕೇಳಿದ್ದು ದೀಪ ಯಾವಾಗ ಉರಿಯುತ್ತದೆ, ಯಾವಾಗ ಉರಿಯುವುದಿಲ್ಲ ಎಂದು. ಹಗಲು ಬಿಸಿಲಿಗೆ ಕಾಣಿಸದೆ ಹೋಗಿರಬಹುದೆಂದು ಶೆಡ್ಡಿನ ಕತ್ತಲಲ್ಲೂ ನೋಡಿದೆವು. ಹೆಡ್‌ಲೈಟ್ ಆರಿಸಿದರೆ ದೀಪ ಪೂರ್ತಿ ಆರುತ್ತಿತ್ತು. ಹಾಕಿದರೆ ಮಂದವಾಗಿ ಉರಿಯುತ್ತಿತ್ತು, ಜೊತೆಗೆ ವೈಪರ್ ಹಾಕಿದರೆ ಇನ್ನಷ್ಟು ಕೆಂಪಾಗುತ್ತಿತ್ತು. ಎಕ್ಸಲರೇಟರ್ ಒತ್ತಿ ಎಂಜಿನ್ ವೇಗ ಹೆಚ್ಚಿಸಿದರೂ ಕಡಿಮೆಯಾಗುತ್ತಿರಲಿಲ್ಲ. ಆಲ್ಟರ್ನೇಟರ್ ದುರ್ಬಲವಾಗಿದ್ದರೆ ವೇಗ ಹೆಚ್ಚಿದಾಗ ದೀಪ ಸಾಮಾನ್ಯವಾಗಿ ಮಂದವಾಗಬೇಕಿತ್ತು. ಇಲ್ಲಿ ಹಾಗಾಗದೆ ಬಳಸುವ ಕರೆಂಟಿಗೆ ತಕ್ಕಂತೆ ದೀಪ ಬೆಳೆಯುತ್ತಿದ್ದುದರಿಂದ, ಸ್ವಿಚ್ಚಿಗೆ ಕರೆಂಟು ಒಯ್ಯುವ ದಾರಿಯಲ್ಲೇ ಎಲ್ಲೋ ತಡೆಯಿದೆ ಎಂಬುದು ಮೀಟರ್ ತೆಗೆಯುವ ಮೊದಲೇ ಬಹುಮಟ್ಟಿಗೆ ಖಚಿತವಾಯಿತು.

ಆಮೇಲಿನ ಅಳತೆ ಸುಲಭ. ಎಂಜಿನ್ ಓಡುತ್ತಿರಲು, ಹೆಡ್‌ಲೈಟ್ ಉರಿಯುತ್ತಿರಲು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೂ ಇನ್ನೊಂದನ್ನು ಇಗ್ನಿಷನ್ ಸ್ವಿಚ್ಚಿನಿಂದ ಹೊರಡುವ ಬಿಳಿ ವಯರಿಗೂ ತಾಗಿಸಿದರೆ, ದಾರಿ ಚೊಕ್ಕಟವಾಗಿದ್ದಲ್ಲಿ ಅಲ್ಪಸ್ವಲ್ಪವಷ್ಟೇ ತೋರಿಸಬೇಕು. ಅರ್ಧ ವೋಲ್ಟ್ ಬಂದರೂ ನಾನು ಸಂಶಯಪಡುತ್ತೇನೆ. ಇಲ್ಲಿ ಎರಡು ವೋಲ್ಟಿನ ಹತ್ತಿರ ತೋರಿಸಿತು. ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಮಾತ್ರ 14 ವೋಲ್ಟಿಗೂ ತುಸು ಮೇಲೆಯೇ ಇತ್ತು, ಅಂದರೆ ಚಾರ್ಜಿಂಗಿನಲ್ಲಿ ಕೊರತೆ ಇರಲಿಲ್ಲ. ಬ್ರಿಟನ್ನಿನ ಲೂಕಸ್ ಕಂಪನಿಯ ವಯರಿಂಗ್ ಇರುವ ಈ ಕಾರುಗಳಲ್ಲಿ ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ನೇರ ಬರುವ ವಯರು ಕಂದು ಬಣ್ಣದ್ದು. ಸೆಲ್ಫ್ ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚಾದ ಸೊಲೆನಾಯ್ಡಿನಿಂದ ಅದನ್ನು ಹಿಡಿದುಕೊಂಡು ಜೋಡಣೆಯಿಂದ ಜೋಡಣೆಗೆ ಅಳೆಯುತ್ತ ಬಂದಾಗ, ಡ್ಯಾಶ್‌ಬೋರ್ಡಿನ ಹಿಂದೆ ಒಂದು ಬುಲೆಟ್ ಕನೆಕ್ಟರಿನ (ಎರಡು ವಯರುಗಳ ತುದಿಗಳನ್ನು ತೂರಿಸಿ ಕೂಡಿಸುವ ಪುಟ್ಟ ಜೋಡಣೆ) ಆಚೆ ಈಚೆಗೆ ಇಡೀ ವ್ಯತ್ಯಾಸ ಸಿಕ್ಕಿತು. ಅದರ ರಬ್ಬರ್ ತೋಳು ಗಟ್ಟಿಯಾಗಿತ್ತು, ಕೈಯಿಟ್ಟರೆ ಬಿಸಿ ತಾಗುತ್ತಿತ್ತು. ಬ್ಯಾಟರಿ ಸಂಪರ್ಕ ಕಳಚಿ ಬಿಡಿಸಿ ನೋಡಿದರೆ ಒಳಗೆಲ್ಲ ಹಸಿರು ಕಿಲುಬು.

ಬಲ್ಬ್ ತೆಗೆಯಿರಿ ಎಂದವರು ದಯವಿಟ್ಟು ಈ ಲೆಕ್ಕವನ್ನು ಗಮನಿಸಬೇಕು. ಎರಡು ಹೆಡ್‌ಲೈಟುಗಳಿಗೆ ಸುಮಾರು ಹತ್ತು ಆಂಪಿಯರ್ ಹರಿಯುತ್ತದೆ. ಒಂದು ಜೋಡಣೆಯಲ್ಲಿ ಎರಡು ವೋಲ್ಟ್ ನಷ್ಟವಾದರೆ ಅಲ್ಲಿ ಇಪ್ಪತ್ತು ವಾಟ್ ಶಾಖ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಕಡ್ಡಿಯೊಂದನ್ನು ಡ್ಯಾಶ್‌ಬೋರ್ಡಿನ ಹಿಂದಿನ ವಯರ್ ಕಟ್ಟಿನೊಳಗೆ ಚಾಲೂ ಮಾಡಿ ಬಿಟ್ಟುಬಂದಂತೆ ಇದು. ಕಂದು ವಯರಿಗೆ ಫ್ಯೂಸ್ ಇಲ್ಲದ ಕಾರಣ ನಿರೋಧಕ ಹೊದಿಕೆ ಕರಗಿ ಲೋಹದ ಮೈಗೆ ತಾಗಿದರೆ ತಡೆಯುವ ಸಾಧನವೂ ಅಲ್ಲಿಲ್ಲ. ಮಂದವಾಗಿ ಉರಿಯುತ್ತಿದ್ದ ಆ ದೀಪ ಬೆಂಕಿಯ ಮುನ್ಸೂಚನೆಯಾಗಿತ್ತು. ಕಪ್ಪಾಗಿದ್ದ ತಾಮ್ರದ ಎಳೆಗಳು ಮುಗಿಯುವವರೆಗೆ ವಯರು ಕತ್ತರಿಸಿ, ಹೊಸ ತುಂಡು ಸೇರಿಸಿ, ಹೊಸ ಟರ್ಮಿನಲ್ ಒತ್ತಿ ಕೂಡಿಸಿದ ಮೇಲೆ ಎಲ್ಲ ಲೈಟು ಹಾಕಿದರೂ ದೀಪ ಉರಿಯಲಿಲ್ಲ. ಖರ್ಚಾದದ್ದು ವಯರು ಮತ್ತು ಟರ್ಮಿನಲ್ಲಿನ ಬೆಲೆಯಷ್ಟೇ.

ಆ ಕಾರು ಶಿರಸಿಗೆ ಹೋಗುವ ಮೊದಲು ಬಹುಕಾಲ ಕಾರವಾರದಲ್ಲಿ ಕಡಲಿಗೆ ಹತ್ತಿರದ ಮನೆಯೊಂದರಲ್ಲಿ ನಿಂತಿತ್ತು. ಕಾರವಾರದ ಕೋಡಿಬಾಗದಿಂದ ಭಟ್ಕಳದವರೆಗೆ ನಮ್ಮ ಗಾಳಿಯಲ್ಲಿ ಉಪ್ಪಿದೆ. ಲೋಹದ ಮೇಲೆ ಕೂತ ಉಪ್ಪು ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಮುಚ್ಚಿದ ಶೆಡ್ಡಿನಲ್ಲಿ ನಿಂತ ಕಾರಿನ ಹಿತ್ತಾಳೆ-ತಾಮ್ರದ ಜೋಡಣೆಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ತಿಂದುಹೋಗಿರುತ್ತವೆ. ಒಮ್ಮೆ ಉಪ್ಪು ಹೊಕ್ಕ ಜೋಡಣೆಯನ್ನು ಘಟ್ಟದ ಮೇಲಕ್ಕೆ ಕೊಂಡೊಯ್ದರೂ ಶಿರಸಿಯ ಮಳೆ ಅದನ್ನು ಒಣಗಲು ಬಿಡುವುದಿಲ್ಲ. ಹೀಗಾಗಿ ಈ ಭಾಗದ ಹಳೆಯ ಕಾರುಗಳಲ್ಲಿ ಯಾವುದೇ ದೀಪ ವಿಚಿತ್ರವಾಗಿ ವರ್ತಿಸಿದರೂ ಭಾಗಗಳನ್ನು ಬದಲಿಸುವ ಮುನ್ನ ಜೋಡಣೆಗಳನ್ನೂ ಎಂಜಿನ್ನಿನಿಂದ ಕಾರಿನ ಲೋಹದ ಮೈಗೆ ಹೋಗುವ, ಕರೆಂಟು ಮರಳುವ ದಾರಿಯಾದ ಅರ್ಥ್ ಪಟ್ಟಿಯನ್ನೂ ಬಿಚ್ಚಿ ಉಜ್ಜಿ, ವ್ಯಾಸಲೀನ್ ಹಚ್ಚಿ ಮತ್ತೆ ಬಿಗಿಯಬೇಕೆಂದು ನಾನು ಕಲಿಸುತ್ತಿದ್ದೆ. ಅರ್ಥ್ ಕೆಟ್ಟರೆ ಇಂಡಿಕೇಟರ್ ಹಾಕಿದಾಗ ಬೇರೆ ಯಾವುದೋ ದೀಪ ಮಿಣುಕುವುದುಂಟು. ಅದರ ಹುಡುಕಾಟವೂ ಇದೇ ಮೀಟರಿನಿಂದ ಆಗುವಂಥದು.

ಇನ್ನು ಬಲ್ಬ್ ತೆಗೆಯುವ ಮಾತು. ಆ ಕಾರಿನ ಕಾಲದ ಆಲ್ಟರ್ನೇಟರುಗಳಲ್ಲಿ ಒಳಗೆ ತಿರುಗುವ ಭಾಗವಾದ ರೋಟರಿಗೆ ಆರಂಭದ ಕಾಂತಶಕ್ತಿ ಸಿಗುವುದು ಇದೇ ಬಲ್ಬಿನ ಮೂಲಕ ಹರಿಯುವ ಕರೆಂಟಿನಿಂದ. 2.2 ವಾಟಿನ ಆ ಪುಟ್ಟ ಬಲ್ಬನ್ನು ತೆಗೆದರೆ ಎಂಜಿನ್ ಓಡುತ್ತಿದ್ದರೂ ಆಲ್ಟರ್ನೇಟರ್ ಎಚ್ಚರಗೊಳ್ಳದೆ ಇರಬಹುದು. ಅದರ ಜಾಗಕ್ಕೆ ಎಲ್‌ಇಡಿ ಹಾಕಿದರೂ ಅದೇ ತೊಂದರೆ, ಏಕೆಂದರೆ ಎಲ್‌ಇಡಿ ಮೂಲಕ ಸಾಕಷ್ಟು ಕರೆಂಟು ಹರಿಯುವುದಿಲ್ಲ. ಆಲ್ಟರ್ನೇಟರಿನ ಬದಲು ಡೈನಮೋ ಇರುವ ಇನ್ನೂ ಹಳೆಯ ಕಾರುಗಳಲ್ಲಿ ಬಲ್ಬಿಲ್ಲದೆಯೂ ಚಾರ್ಜ್ ಆಗುತ್ತದೆ, ಮತ್ತು ಎಂಜಿನ್ ನಿಧಾನವಾಗಿ ಓಡುವಾಗ ದೀಪ ಮಿಣುಕಿದರೆ ಅಲ್ಲಿ ದೋಷವೆಂದು ತಿಳಿಯಬೇಕಾಗಿಲ್ಲ. ಆದರೆ ಎರಡೂ ಬಗೆಯ ಕಾರುಗಳಲ್ಲಿ ಅದೇ ಫ್ಯಾನ್ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ಅರಬೈಲ್ ಘಟ್ಟ ಹತ್ತುವಾಗ ಬೆಲ್ಟ್ ತುಂಡಾದರೆ ಚಾಲಕನಿಗೆ ಮೊದಲು ತಿಳಿಸುವುದು ಥಟ್ಟನೆ ಪೂರ್ತಿ ಬೆಳಗುವ ಈ ಕೆಂಪು ದೀಪವೇ. ಅದಿಲ್ಲದಿದ್ದರೆ ಎಂಜಿನ್ ಕಾದು ಕುದಿದ ಮೇಲಷ್ಟೇ ಗೊತ್ತಾಗುತ್ತದೆ.

ಕೀಲಿ ತೆಗೆದ ಮೇಲೂ ದೀಪ ಮಂದವಾಗಿ ಉರಿಯುತ್ತಿದ್ದರೆ ಮಾತ್ರ ನಾನೂ ಆಲ್ಟರ್ನೇಟರನ್ನೇ ಮೊದಲು ಸಂಶಯಿಸುತ್ತೇನೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಒಂದು ಶಾರ್ಟ್ ಆಗಿ ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿಯುವುದರ ಸಾಮಾನ್ಯ ಲಕ್ಷಣವದು, ಮತ್ತು ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ.

ಪುರವಣಿಯಲ್ಲಿ ಉತ್ತರ ಬರೆಯುವವರ ಅನುಭವದ ಬಗ್ಗೆ ನನಗೆ ಗೌರವವಿದೆ. ಹೊಸ ಕಾರುಗಳ ಕುರಿತ ಅವರ ಸಲಹೆಗಳನ್ನು ನಾನು ತಪ್ಪದೆ ಓದುತ್ತೇನೆ. ಆದರೆ ಈ ಉತ್ತರವನ್ನು ತಿದ್ದಿ ಅಷ್ಟೇ ಎದ್ದುಕಾಣುವ ಜಾಗದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಬೇಕಿದ್ದಲ್ಲಿ ಈ ದೀಪದ ಸರ್ಕ್ಯೂಟಿನ ಚಿತ್ರವನ್ನು ಕನ್ನಡದಲ್ಲೇ ಬರೆದು ಕಳಿಸಿಕೊಡುತ್ತೇನೆ. ಪ್ರಶ್ನೆ ಕೇಳಿದ ಓದುಗರ ವಿಳಾಸ ತಮ್ಮಲ್ಲಿದ್ದರೆ ಮುಂದಿನ ಸಂಚಿಕೆಯವರೆಗೆ ಕಾಯದೆ ಅವರಿಗೆ ತಿಳಿಸಿರಿ: ಬಲ್ಬ್ ತೆಗೆಸಿದ್ದರೆ ಮತ್ತೆ ಹಾಕಿಸಲಿ, ಬ್ಯಾಟರಿಯಿಂದ ಸ್ವಿಚ್ಚಿಗೆ ಬರುವ ವಯರಿನ ಜೋಡಣೆಗಳನ್ನೆಲ್ಲ ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ನಿಂದ ಮೀಟರ್ ಹಿಡಿಸಿ ನೋಡಿಸುವವರೆಗೆ ಆ ಕಾರನ್ನು ರಾತ್ರಿ ಹೊತ್ತು ಹೊರಗೆ ತೆಗೆಯದಿರಲಿ.

ಇಂತಿ ತಮ್ಮ ವಿಶ್ವಾಸಿ,
ಮೋಟಾರು ವಯರಿಂಗಿನ ನಿವೃತ್ತ ಶಿಕ್ಷಕ
ಕಾರವಾರ