ಕಡಲೂರಿನ ಫಲಕದಲ್ಲಿ ಸ್ಥಳದ ಜೊತೆ ಹೊತ್ತನ್ನೂ ಬರೆಸಿ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,

ಕಡಲೂರುಗಳಲ್ಲಿ ‘ನೋಡಬೇಕಾದ ಸ್ಥಳಗಳು’ ಎಂಬ ಫಲಕಗಳಿಗೇನೂ ಬರವಿಲ್ಲ. ದೀಪಸ್ತಂಭ, ಬಂದರು, ಬಂಡೆಸಾಲು, ಅಳಿವೆ, ಸೂರ್ಯಾಸ್ತ ಎಲ್ಲವೂ ಇರುತ್ತವೆ. (ಪೂರ್ವಕ್ಕೆ ಮುಖಮಾಡಿದ ತೀರದಲ್ಲೂ ಸೂರ್ಯಾಸ್ತ!) ಯಾವುದನ್ನು ಯಾವ ಹೊತ್ತಿಗೆ ನೋಡಬೇಕು ಎಂಬುದು ಮಾತ್ರ ಇರುವುದಿಲ್ಲ. ಪ್ರತಿ ತೀರದ ಫಲಕದಲ್ಲಿ ಆ ದಿನದ ಉಬ್ಬರ-ಇಳಿತದ ವೇಳೆ ಬರೆಸಿ ಎಂಬುದೇ ನಮ್ಮ ಬೇಡಿಕೆ.

ಪೇಂಟಿನಲ್ಲಿ ಒಮ್ಮೆ ಬರೆಸಿ ಕೈತೊಳೆದುಕೊಂಡರೆ ಆಗದು. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಇವತ್ತು ಬೆಳಿಗ್ಗೆ 8ಕ್ಕೆ ನೀರು ಪೂರ್ತಿ ಇಳಿದಿದ್ದರೆ ನಾಳೆ ಇಳಿಯುವುದು 8.50ರ ಹೊತ್ತಿಗೆ. ದಿನಕ್ಕೆ 50 ನಿಮಿಷದಂತೆ ವಾರದಲ್ಲಿ ಆರು ಗಂಟೆ ಸರಿದು, ಇಳಿತವಿದ್ದ ಜಾಗದಲ್ಲಿ ಉಬ್ಬರ ನಿಂತಿರುತ್ತದೆ. ಆದ್ದರಿಂದ ಅಂಕಿ ಬದಲಿಸುವ ತಗಡು ಅಥವಾ ಕಪ್ಪುಹಲಗೆ ಬೇಕು, ಬದಲಿಸಲು ಒಬ್ಬರನ್ನು ನೇಮಿಸಬೇಕು.

ಇದರ ಲಾಭ ಮೊದಲು ಕಾಣುವುದು ಬಂಡೆಗಳ ಮೇಲೆ. ನೀರಿಳಿದಾಗ ಬಂಡೆಗುಳಿಗಳಲ್ಲಿ ಏಡಿ, ನಕ್ಷತ್ರಮೀನು, ಮುಟ್ಟಿದರೆ ಮುದುಡುವ ಕಡಲಹೂ (ಹೂವಿನಂತೆ ಕಾಣುವ ಪ್ರಾಣಿ) ಸಿಗುತ್ತವೆ. ಇಳಿತಕ್ಕೆ ಒಂದೂವರೆ ಗಂಟೆ ಮೊದಲೇ ಹೊರಟು, ಇಳಿಯುವ ನೀರಿನ ಹಿಂದೆಯೇ ನಡೆಯಬೇಕು. ಇಳಿತದ ವೇಳೆ ಆದೊಡನೆ ಹಿಂದಿರುಗಬೇಕು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ನೀರು ಬಹಳ ದೂರ ಇಳಿಯುತ್ತದೆ, ಅಷ್ಟೇ ರಭಸದಿಂದ ಮರಳುತ್ತದೆ. ಅಷ್ಟಮಿಯ ಆಸುಪಾಸು ಹೋದವರಿಗೆ ಹೆಚ್ಚೇನೂ ಕಾಣದು.

ಜನ ಸಿಕ್ಕಿಬೀಳುವುದು ಇಲ್ಲಿಯೇ. ಏರುವ ನೀರು ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು ಪಾಲು ಏರಿ, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು ಪಾಲು ನುಗ್ಗುತ್ತದೆ. ಮೊದಲ ಗಂಟೆಯ ನಿಧಾನ ನೋಡಿ ಧೈರ್ಯ ತಂದುಕೊಂಡವರ ಎದುರಿಗಿನ ಬಂಡೆ ಒಣಗಿಯೇ ಇರುತ್ತದೆ. ಬೆನ್ನ ಹಿಂದೆ, ಬಂಡೆಗೂ ದಡಕ್ಕೂ ನಡುವಿನ ತಗ್ಗು ತುಂಬಿರುತ್ತದೆ. ‘ಹಿಂದಿನ ತಗ್ಗನ್ನು ನೋಡುತ್ತಿರಿ’ ಎಂಬ ಒಂದು ಸಾಲು ‘ಅಪಾಯ’ ಎಂಬ ಕೆಂಪಕ್ಷರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಎತ್ತಿ ನೋಡಿದ ಕಲ್ಲನ್ನು ಇದ್ದ ಹಾಗೆಯೇ ಮಗುಚಿಡಬೇಕೆಂದೂ ಬರೆಸಿ: ಕಲ್ಲಿನ ಅಡಿಯ ಜೀವಿಗಳು ಬಿಸಿಲಿಗೆ ತೆರೆದುಕೊಂಡರೆ ಒಣಗಿ ಸಾಯುತ್ತವೆ.

ಈಜಿಗೆ ಅರ್ಧ ಕೆಂಪು, ಅರ್ಧ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗ ಮಾತ್ರ. ಬರೀ ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗಿಳಿಯುವಂತಿಲ್ಲ. ಎರಡೂ ಕಡೆ ಅಲೆ ಒಡೆಯುತ್ತಾ ನಡುವೆ ಮಾತ್ರ ನೀರು ಕಪ್ಪಾಗಿ, ಶಾಂತವಾಗಿ ಕಂಡರೆ ಅದೇ ಸೆಳವು. ಮಕ್ಕಳನ್ನು ಇಳಿಸಲು ಜನ ಆರಿಸುವುದೂ ಅದನ್ನೇ! ದಡಕ್ಕೆ ತಂದ ನೀರನ್ನು ಕಡಲು ಅಲ್ಲಿಂದಲೇ ಹಿಂದಕ್ಕೆಳೆಯುತ್ತದೆ. ಸಿಕ್ಕಿಬಿದ್ದವರು ದಡದತ್ತ ನೇರ ಈಜಿ ಸುಸ್ತಾಗಬಾರದು. ತೇಲುತ್ತಾ ಕೈಯೆತ್ತಿ ಕೂಗಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾಂತರವಾಗಿ ಈಜಿ ಹೊರಬರಬೇಕು. ಗಾಳಿ ತುಂಬಿದ ತೇಲುಹಾಸಿಗೆ, ಟ್ಯೂಬುಗಳನ್ನು ದಡದಿಂದ ಕಡಲಿಗೆ ಗಾಳಿ ಬೀಸುವಾಗ ಒಯ್ಯಲೇಬಾರದು. ಆ ಗಾಳಿಯಲ್ಲಿ ನೀರು ಸಪಾಟಾಗಿ ಕಾಣುವುದರಿಂದಲೇ ಮೋಸ.

ದೀಪಸ್ತಂಭಕ್ಕೆ ಒಂದೇ ಸಾಲು ಸಾಕು: ಎಷ್ಟು ಸೆಕೆಂಡಿಗೆ ಎಷ್ಟು ಮಿಂಚು. ನಾವಿಕರು ದೀಪದ ಗುರುತು ಹಿಡಿಯುವುದು ಆ ಲೆಕ್ಕದಿಂದ. ಕತ್ತಲಾದ ಮೇಲೆ ಮಕ್ಕಳೂ ಎಣಿಸಿ ನೋಡಬಹುದು.

ಇನ್ನು ವೆಚ್ಚದ ಮಾತು. ಬಂದರುಗಳ ಉಬ್ಬರ-ಇಳಿತ ಕೋಷ್ಟಕ ಮುಂಚಿತವಾಗಿಯೇ ಪ್ರಕಟವಾಗುತ್ತದೆ, ಹೊಸ ಲೆಕ್ಕಾಚಾರ ಬೇಕಿಲ್ಲ. ಆದರೆ ಅದನ್ನು ಕುರುಡಾಗಿ ನಕಲು ಮಾಡಿಸಬೇಡಿ. ವಾಯುಭಾರ ಕುಸಿದು, ಕಡಲಿನಿಂದ ದಡಕ್ಕೆ ಗಾಳಿ ಬೀಸಿದರೆ ನೀರು ಕೋಷ್ಟಕ ಹೇಳಿದ್ದಕ್ಕಿಂತ ಮೇಲೇರುತ್ತದೆ. ಅಳಿವೆಯ ಒಳಭಾಗಕ್ಕೆ ಉಬ್ಬರ ತಡವಾಗಿ ತಲುಪುತ್ತದೆ. ಎಷ್ಟು ತಡ ಎಂಬುದನ್ನು ಆಯಾ ಊರಿನ ದೋಣಿಯವರನ್ನು ಕೇಳಿ ತಿದ್ದಿಸಿ.

ಇಂತಿ,
ಕಡಲತೀರದ ಮಾರ್ಗದರ್ಶಕರು