ಪಾರ್ಟಿಗೆ ಬಿಯರ್ ತರುವ ಅಳಿಯನಿಗೆ

ಮುಲುಂಡ್, ಮುಂಬೈ

ಪ್ರೀತಿಯ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನಗೆ ಬಡ್ತಿ ಸಿಕ್ಕಿದ್ದು, ಬರುವ ಶನಿವಾರ ಪುಣೆಯ ವಾಕಡ್‌ನ ಮನೆಯಲ್ಲಿ ಪಾರ್ಟಿ ಇಟ್ಟುಕೊಂಡಿರುವುದು ಅಕ್ಕನಿಂದ ತಿಳಿಯಿತು. ತುಂಬಾ ಖುಷಿಯಾಯಿತು. ‘ಇಪ್ಪತ್ತು ಜನ ಬರ್ತಾರೆ, ಯಾವ ಬಿಯರ್ ತರಲಿ ಮಾವ’ ಅಂತ ಮೆಸೇಜ್ ಮಾಡಿದ್ದೆಯಲ್ಲ, ಅದಕ್ಕೆ ಎರಡು ಸಾಲಲ್ಲಿ ಉತ್ತರ ಕೊಡಲು ಮನಸ್ಸಾಗಲಿಲ್ಲ. ಕೂತು ಬರೆಯುತ್ತಿದ್ದೇನೆ.

ನಿನ್ನ ಪಟ್ಟಿ ನೋಡಿದೆ. ಕಹಿ ಜಾಸ್ತಿಯ ಐಪಿಎ ಒಂದು, ಕಪ್ಪಗಿನ ಸ್ಟೌಟ್ ಒಂದು, ಭಾವನಿಗೆ ಅಂತ ಆಲ್ಕೋಹಾಲ್ ಜಾಸ್ತಿ ಇರುವ ಸ್ಟ್ರಾಂಗ್ ಬಿಯರ್ ಒಂದು ಕೇಸ್. ಅದು ನಿನ್ನ ನಾಲಿಗೆಯ ಪಟ್ಟಿ ಪುಟ್ಟಾ. ಬರುವವರಲ್ಲಿ ಬಿಯರ್ ರುಚಿಯ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಮೂರೋ ನಾಲ್ಕೋ ಜನ. ಉಳಿದವರು ಕೊಟ್ಟದ್ದನ್ನು ಕೈಯಲ್ಲಿ ಹಿಡಿದು ಮಾತಾಡುತ್ತಾ ನಿಲ್ಲುವವರು. ಒಬ್ಬಿಬ್ಬರು ಅವತ್ತೇ ಮೊದಲ ಸಲ ರುಚಿ ನೋಡುವವರೂ ಇರಬಹುದು. ನೀನು ಬಿಯರ್ ಆರಿಸಬೇಕಾದ್ದು ಅವರನ್ನು ನೆನೆದು.

ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ನಾನು ಕಲಿತದ್ದು ಇಷ್ಟೇ. ಆಫೀಸಿನವರು ಗುಂಪಾಗಿ ಬಂದರೆ, ಗೊತ್ತಿರುವವನೊಬ್ಬ ಎಲ್ಲರಿಗೂ ಸೇರಿಸಿ ಆರ್ಡರ್ ಕೊಡುತ್ತಾನೆ. ಯಾರೂ ಬೇಡ ಅನ್ನುವುದಿಲ್ಲ. ಅವರು ಎದ್ದು ಹೋದ ಮೇಲೆ ಹುಡುಗರು ಟೇಬಲ್ ಒರೆಸುವಾಗ ನೋಡಬೇಕು. ಗೊತ್ತಿದ್ದವನ ಗ್ಲಾಸ್ ಖಾಲಿ. ಮೂಲೆಯಲ್ಲಿ ಕೂತಿದ್ದ ಹುಡುಗಿಯದ್ದು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನದ್ದು ಅರ್ಧಕ್ಕೇ ನಿಂತಿರುತ್ತಿತ್ತು. ಬಿಲ್ ಪೂರ್ತಿ, ಖುಷಿ ಅರ್ಧ. ನಿನ್ನ ಮನೆಗೆ ಬಂದವರಿಗೆ ಹಾಗಾಗಬಾರದು ಅನ್ನುವುದೇ ನನ್ನ ಆಸೆ.

ಹೊಸಬರು ಹಿಂಜರಿಯುವುದು ಹೆಚ್ಚಾಗಿ ಕಹಿಗೆ. ಆ ಕಹಿ ಬರುವುದು ಹಾಪ್ಸ್ ಅನ್ನುವ ಹೂವಿನಿಂದ. ಐಪಿಎಯಲ್ಲಿ ಅದು ಜಾಸ್ತಿ, ಲಾಗರ್ ಅನ್ನುವ ಸಾಧಾರಣ ತಿಳಿ ಬಿಯರ್‌ನಲ್ಲಿ ತೀರಾ ಕಡಿಮೆ. ನಮ್ಮಲ್ಲಿ ಸಿಗುವ ಲಾಗರ್‌ಗಳಲ್ಲಿ ಬಾರ್ಲಿ ಮಾಲ್ಟ್ ಜೊತೆ ಅಕ್ಕಿಯನ್ನೋ ಮೆಕ್ಕೆಜೋಳವನ್ನೋ ಸೇರಿಸುವುದುಂಟು. ಅದಕ್ಕೇ ಅವು ಹಗುರ. ತಣ್ಣಗೆ ಕೊಟ್ಟರೆ ಯಾರೂ ಮುಖ ಸಿಂಡರಿಸುವುದಿಲ್ಲ. ಕಿಂಗ್‌ಫಿಶರ್ ಮೈಲ್ಡ್ ತಂದರೆ ಮರ್ಯಾದೆ ಕಡಿಮೆ ಅಂತ ನಿನ್ನ ವಯಸ್ಸಿನವರಿಗೆ ಅನಿಸುತ್ತದೆ. ಹಾಗೆ ಅಂದುಕೊಳ್ಳಬೇಡ. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನ ಆ ಬಾಟಲಿ ದೇಶದ ತುಂಬ ಓಡುತ್ತಿರುವುದು ಸುಮ್ನೆ ಅಲ್ಲ. ಪ್ರೀಮಿಯಂ ಬೇಕೇ ಬೇಕು ಅಂದರೆ ಅಲ್ಟ್ರಾ ತಾ, ಬಡ್‌ವೈಸರ್ ತಾ. ಜಾತಿ ಅದೇ, ಹಗುರ ಲಾಗರ್.

ಅದರ ಜೊತೆಗೆ ಒಂದು ಗೋಧಿ ಬಿಯರ್ ಇರಲಿ. ಲಾಗರ್ ಸಪ್ಪೆ ಅನ್ನುವವರಿಗೂ ಅದು ಹಿಡಿಸುತ್ತದೆ, ಕಹಿ ಬೇಡ ಅನ್ನುವವರಿಗೂ ಹಿಡಿಸುತ್ತದೆ. ಹೋಗಾರ್ಡನ್‌ನಂಥ ಬೆಲ್ಜಿಯಂ ಶೈಲಿಯದ್ದಕ್ಕೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕುತ್ತಾರೆ. ನಮ್ಮ ಅಡುಗೆಮನೆಯ ಕೊತ್ತಂಬರಿಯೇ. ಮೂಸಿದ ಕೂಡಲೇ ಗೊತ್ತಾಗುತ್ತದೆ. ಇದನ್ನು ಬಗ್ಗಿಸುವಾಗ ಬಾಟಲಿಯಲ್ಲಿ ಎರಡು ಬೆರಳಿನಷ್ಟು ಉಳಿಸಿಕೋ. ಬಾಟಲಿಯನ್ನು ಮೆಲ್ಲಗೆ ಸುತ್ತಿಸಿ, ತಳದಲ್ಲಿ ಕೂತ ಈಸ್ಟ್ ಮೇಲೆದ್ದ ಮೇಲೆ ಆ ಉಳಿದದ್ದನ್ನೂ ಗ್ಲಾಸಿಗೆ ಹಾಕು. ಗ್ಲಾಸ್ ಮಸುಕಾಗುತ್ತದೆ, ಹಾಗೇ ಇರಬೇಕು. ಕೆಟ್ಟಿದೆ ಅಂತ ಯಾರಾದರೂ ಅಂದುಕೊಂಡರೆ ಇದನ್ನು ಹೇಳು.

ಇನ್ನು ಸ್ಟ್ರಾಂಗ್ ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ತರಬೇಡ. ಲೆಕ್ಕ ಹಾಕಿ ನೋಡು. 650 ಮಿ.ಲೀ. ಬಾಟಲಿ, ಶೇ. 8 ಆಲ್ಕೋಹಾಲ್ ಅಂದರೆ ಒಳಗೆ 52 ಮಿ.ಲೀ. ಶುದ್ಧ ಆಲ್ಕೋಹಾಲ್. ಶೇ. 42.8ರ ವಿಸ್ಕಿಯ 30 ಮಿ.ಲೀ. ಪೆಗ್‌ನಲ್ಲಿ ಇರುವುದು ಸುಮಾರು 13. ಅಂದರೆ ಒಂದು ಸ್ಟ್ರಾಂಗ್ ಬಾಟಲಿ ನಾಲ್ಕು ಪೆಗ್‌ಗೆ ಸಮ. ‘ಬರೀ ಬಿಯರ್ ಅಲ್ವಾ’ ಅಂತ ಹೊಸ ಹುಡುಗ ಎರಡು ಬಾಟಲಿ ಮುಗಿಸಿದರೆ ಎಂಟು ಪೆಗ್ ಒಳಗೆ ಹೋದ ಹಾಗೆ. ಮೈಲ್ಡ್‌ನ 330 ಮಿ.ಲೀ. ಪಿಂಟ್‌ನಲ್ಲಿ ಶೇ. 5 ಅಂತ ಹಿಡಿದರೂ 16 ಚಿಲ್ಲರೆ. ನಿನ್ನ ಭಾವನಿಗೆ ಸ್ಟ್ರಾಂಗೇ ಅಭ್ಯಾಸ ಅಂತ ಗೊತ್ತು. ಅವರ ಒಬ್ಬರಿಗೆ ಅಂತ ಒಂದು ಬಾಟಲಿ ಫ್ರಿಜ್‌ನಲ್ಲಿ ಬೇರೆ ಇಡು. ಎಲ್ಲರಿಗೂ ಅಂತ ಇಡುವ ಐಸ್ ಟಬ್‌ನಲ್ಲಿ ಹಾಕಬೇಡ. ಕತ್ತಲಲ್ಲಿ ಯಾರ ಕೈಗೆ ಯಾವುದು ಸಿಗುತ್ತದೋ ಗೊತ್ತಾಗುವುದಿಲ್ಲ.

ಎಷ್ಟು ತರಬೇಕು ಅಂತ ಕೇಳುತ್ತೀ. ಇಪ್ಪತ್ತರಲ್ಲಿ ಹದಿನಾಲ್ಕು ಜನ ಕುಡಿಯುತ್ತಾರೆ ಅಂತಿಟ್ಟುಕೋ. ನಾಲ್ಕು ಗಂಟೆಯ ಪಾರ್ಟಿಗೆ ತಲೆಗೆ ಮೂರು ಪಿಂಟ್ ಸಾಕು. ಪಿಂಟ್ ಕೇಸ್‌ನಲ್ಲಿ 24 ಇರುತ್ತವೆ, ಹಾಗಾಗಿ ಎರಡು ಕೇಸ್. ಅದರಲ್ಲಿ ಮೂರು ಪಾಲು ಲಾಗರ್, ಒಂದು ಪಾಲು ಗೋಧಿ. ದೊಡ್ಡ ಬಾಟಲಿ ಅಗ್ಗ ಬೀಳುತ್ತದೆ, ನಿಜ. ಆದರೆ ನಿಧಾನ ಕುಡಿಯುವವರ ಕೈಯಲ್ಲಿ ಅದು ಬೆಚ್ಚಗಾಗುತ್ತದೆ. ಪಿಂಟ್ ಆದರೆ ಮುಗಿಸಿ ಸಾಕು ಅನ್ನಲು ಸುಲಭ. ಹಾಗೆ ಸಾಕು ಅನ್ನುವ ಅನುಕೂಲ ಕೊಡುವುದು ಮನೆಯವನ ಕೆಲಸ.

ನಿನ್ನ ಐಪಿಎ ಸ್ನೇಹಿತರನ್ನೂ ಮರೆಯಬೇಡ. ಅವರಿಗೆ ಅರ್ಧ ಡಜನ್ ಬಾಟಲಿ ಸಾಕು. ಪುಣೆಯಲ್ಲಿ ಇದ್ದುಕೊಂಡು ಒಳ್ಳೆಯ ಬಿಯರ್‌ಗೆ ಬರ ಇಲ್ಲ. ತಾವೇ ಬಿಯರ್ ತಯಾರಿಸಿ ಅಲ್ಲೇ ಕೊಡುವ ಮೈಕ್ರೋಬ್ರೂವರಿಗಳಲ್ಲಿ ದೇಶದ ಮೊದಲಿನವುಗಳಲ್ಲಿ ಒಂದಾದ ಡೂಲಾಲಿ 2009ರಲ್ಲಿ ಶುರುವಾದದ್ದು ನಿಮ್ಮ ಊರಲ್ಲೇ. ಜೇನುತುಪ್ಪ ಹುದುಗಿಸಿ ಮೀಡ್ ಅನ್ನುವ ಮದ್ಯ ಮಾಡುವ ಮೂನ್‌ಶೈನ್ ಕೂಡ ಪುಣೆಯದ್ದೇ. ಬಿಯರ್ ಕಹಿ ಒಗ್ಗದವರಿಗೆ ಅದರ ನಾಲ್ಕು ಬಾಟಲಿ ಇಟ್ಟುಕೊಂಡರೆ ಒಳ್ಳೆಯದು.

ಬಿಯರ್ ಶಾಪಿಯಲ್ಲಿ ಕೊಳ್ಳುವಾಗ ತಯಾರಿಕೆಯ ದಿನಾಂಕ ನೋಡು. ಹೊಸದಾದಷ್ಟೂ ಒಳ್ಳೆಯದು. ಬಾಗಿಲ ಬಳಿ ಬಿಸಿಲಿಗೆ ಜೋಡಿಸಿಟ್ಟ ಕ್ರೇಟ್ ಬೇಡ, ಒಳಗಿನದ್ದು ಕೇಳು. ಬೆಳಕು ಬಿದ್ದರೆ ಹಾಪ್ಸ್‌ನ ಅಂಶ ಒಡೆದು ಒಂಥರಾ ರಬ್ಬರ್ ಸುಟ್ಟ ನಾತ ಬರುತ್ತದೆ. ಹಸಿರು ಬಾಟಲಿಗೆ ಆ ಅಪಾಯ ಜಾಸ್ತಿ, ಕಂದು ಬಾಟಲಿಗೆ ಕಡಿಮೆ, ಕ್ಯಾನ್‌ಗೆ ಇಲ್ಲವೇ ಇಲ್ಲ. ಕುಡಿಯುವ ಪರ್ಮಿಟ್ ಕೇಳಿದರೆ ಬೇಸರ ಮಾಡಿಕೊಳ್ಳಬೇಡ. 1949ರ ಪಾನನಿಷೇಧ ಕಾಯ್ದೆ ಇಲ್ಲಿ ಇನ್ನೂ ಜಾರಿಯಲ್ಲಿದೆ, ಮಾಡಿಸಿಕೊಂಡುಬಿಡು. ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21 ವರ್ಷ ತುಂಬಿರಬೇಕು. ನಿಮ್ಮ ಆಫೀಸಿನ ಇಂಟರ್ನ್‌ಗಳು ಬರುತ್ತಾರೆ ಅಂದೆಯಲ್ಲ, ಅವರ ವಯಸ್ಸು ಮೊದಲೇ ತಿಳಿದುಕೋ.

ತಣ್ಣಗೆ ಮಾಡುವುದರಲ್ಲಿ ಮನೆ ಪಾರ್ಟಿಗಳು ಸೋಲುತ್ತವೆ. ಎರಡು ಕೇಸ್ ನಿನ್ನ ಫ್ರಿಜ್‌ನಲ್ಲಿ ಹಿಡಿಯುವುದಿಲ್ಲ. ದೊಡ್ಡ ಟಬ್ ತೆಗೆದುಕೋ. ಬಾಟಲಿ ನಿಲ್ಲಿಸಿ ಐಸ್ ಸುರಿ, ಆಮೇಲೆ ಬಾಟಲಿ ಕತ್ತಿನವರೆಗೆ ನೀರು ತುಂಬು. ನೀರು ಯಾಕೆ ಅಂದರೆ ಬರೀ ಐಸ್ ಗಾಜಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರು ಸುತ್ತಲೂ ಹಿಡಿಯುತ್ತದೆ. ಎರಡು ಹಿಡಿ ಕಲ್ಲುಪ್ಪು ಹಾಕಿದರೆ ಇನ್ನೂ ಬೇಗ ತಣ್ಣಗಾಗುತ್ತದೆ. ಅರ್ಧ ಗಂಟೆಯಲ್ಲಿ ಬಾಟಲಿ ಮುಟ್ಟಿದರೆ ಕೈ ಜುಮ್ ಅನ್ನಬೇಕು. ಫ್ರೀಜರ್‌ನಲ್ಲಿ ಇಟ್ಟು ಮರೆತರೆ ಬಾಟಲಿ ಒಡೆಯುತ್ತದೆ, ಆ ಗೋಜಿಗೆ ಹೋಗಬೇಡ.

ತಿನ್ನಲು ನಿನ್ನ ಹೆಂಡತಿ ಕೋಳಿ ಸುಕ್ಕ ಮಾಡುತ್ತಾಳಂತೆ. ಖಾರದ ಜೊತೆ ಕಹಿ ಬಿಯರ್ ಕುಡಿದರೆ ಉರಿ ಇನ್ನೂ ಏರುತ್ತದೆ. ಲಾಗರ್, ಗೋಧಿ ಬಿಯರ್ ತರಲು ಇದೂ ಒಂದು ಕಾರಣ. ಬರುವವರು ಕೆಲಸ ಮುಗಿಸಿ ಹಸಿದುಕೊಂಡೇ ಬರುತ್ತಾರೆ. ಮೊದಲ ಬಾಟಲಿ ತೆಗೆಯುವ ಮುಂಚೆಯೇ ತಿಂಡಿ ಮೇಜಿನ ಮೇಲಿರಲಿ. ಬರೀ ಶೇಂಗಾ ಚಖ್ನಾ ಸಾಲದು, ಹೊಟ್ಟೆಗೆ ಹಿಡಿಯುವಂಥದ್ದು ಬೇಕು.

ಕುಡಿಯದ ಆರು ಜನರ ಮಾತು ಈಗ ಹೇಳುತ್ತೇನೆ. ಅವರಿಗೆ ಮೂಲೆಯಲ್ಲಿ ಒಂದು ಕೋಲಾ ಬಾಟಲಿ ಇಟ್ಟು ಕೈ ತೊಳೆದುಕೊಳ್ಳಬೇಡ. ಹೈನೆಕೆನ್, ಬಡ್‌ವೈಸರ್ ಎರಡರಲ್ಲೂ ಆಲ್ಕೋಹಾಲ್ ಇಲ್ಲದ 0.0 ಬರುತ್ತದೆ. ಅದೇ ಟಬ್‌ನಲ್ಲಿ ಒಂದು ಬದಿಗೆ ಎಂಟು ಹತ್ತು ಇಡು. ಬಿಯರ್ ಹೆಸರೇ ಬೇಡ ಅನ್ನುವವರೂ ಇರುತ್ತಾರೆ. ಅಕ್ಕ ಕಳಿಸಿದ ಪುನರ್ಪುಳಿ ನಿನ್ನ ಹತ್ತಿರ ಇದೆಯಲ್ಲ, ಶರಬತ್ತು ಮಾಡಿ, ಬಿಯರ್ ಹಾಕುವ ಗ್ಲಾಸಿನಲ್ಲೇ ಕೊಡು. ಯಾಕೆ ಕುಡಿಯುವುದಿಲ್ಲ ಅಂತ ಯಾರನ್ನೂ ಕೇಳಬೇಡ, ಬೇರೆಯವರು ಕೇಳಲೂ ಬಿಡಬೇಡ. ಒಬ್ಬರು ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ, ಒಬ್ಬಳು ಬಸುರಿ, ಇನ್ನೂ ಯಾರಿಗೂ ಹೇಳಿರುವುದಿಲ್ಲ, ಇನ್ನೊಬ್ಬರದ್ದು ವ್ರತ. ಎಲ್ಲರೆದುರು ಅದನ್ನು ಹೇಳಿಸುವುದು ಬಹಳ ನೋವಿನ ವಿಷಯ.

ವಾಪಸ್ ಹೋಗುವ ವಿಚಾರವನ್ನು ಶನಿವಾರದ ಮುಂಚೆಯೇ ಮಾತಾಡಿಕೋ. ನಿಮ್ಮ ಊರಲ್ಲಿ ಎಲ್ಲರೂ ಟೂ ವೀಲರ್‌ನವರು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿದರೆ ಅಪರಾಧ, ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ದಂಡಕ್ಕಿಂತ ನನಗೆ ಹೆದರಿಕೆ ಹಿಂಜೆವಾಡಿ ರಸ್ತೆಯ ರಾತ್ರಿ ಟ್ರಾಫಿಕ್‌ದು. ಬರುವಾಗಲೇ ಗಾಡಿ ತರಬೇಡಿ ಅಂತ ಗ್ರೂಪ್‌ನಲ್ಲಿ ಹಾಕು. ತಂದವರ ಕೀ ನಿನ್ನ ಹೆಂಡತಿಯ ಹತ್ತಿರ ಇರಲಿ, ಅವಳ ಮಾತು ಯಾರೂ ಮೀರುವುದಿಲ್ಲ. ಎರಡು ಹಾಸಿಗೆ ಹಾಲ್‌ನಲ್ಲಿ ಹಾಸಿಡು.

ಭಾನುವಾರ ಮನೆ ಗುಡಿಸುವ ಮುಂಚೆ ಟಬ್‌ನಲ್ಲಿ ಏನು ಉಳಿಯಿತು, ಗ್ಲಾಸ್‌ಗಳಲ್ಲಿ ಏನು ಉಳಿಯಿತು ಅಂತ ಒಮ್ಮೆ ನೋಡಿ ಬರೆದಿಟ್ಟುಕೋ. ದೀಪಾವಳಿಗೆ ಮತ್ತೆ ಸೇರುತ್ತೀರಲ್ಲ, ಆಗ ಬೇಕಾಗುತ್ತದೆ. ನನಗೂ ಫೋನ್ ಮಾಡಿ ಹೇಳು. ನಿನ್ನ ಅತ್ತೆ ಶುಕ್ರವಾರದ ಬಸ್ಸಿಗೆ ಬಂಗುಡೆ ಮಸಾಲೆ ಕಳಿಸುತ್ತಾಳಂತೆ, ಸ್ವಾರ್‌ಗೇಟ್‌ಗೆ ಹೋಗಿ ಇಳಿಸಿಕೋ.

ಇಂತಿ,
ನಿನ್ನ ಸೋದರಮಾವ